ಹಳೇ ಎಂಜಿನ್, ಗೇರ್‌ಬಾಕ್ಸ್ ಊರಿಗೆ ತರೋಕೆ ಯಾವುದು ವಾಸಿ: ಸ್ವಂತ ಕಾರು, ಲಾರಿ ಆಫೀಸು, ಪಿಕಪ್

ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಹಾಸನಕ್ಕೆ ಹಳೇ ಎಂಜಿನ್ ತರುವವರಿಗೆ ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ವಾಪಸ್ ಖಾಲಿ ಬರುವ ಪಿಕಪ್ ಸಿಕ್ಕರೆ ಬೇರೇನೂ ಯೋಚನೆ ಮಾಡಬೇಡಿ. ಅದು ಸಿಗದಿದ್ದರೆ ಲಾರಿ ಆಫೀಸು. ಸ್ವಂತ ಕಾರು ಚಿಕ್ಕ ಪೆಟ್ರೋಲ್ ಎಂಜಿನ್‌ಗೆ ಮಾತ್ರ. ಮೂರನ್ನೂ ಮಾಡಿ ನೋಡಿದ್ದೇನೆ. ಆದರೆ ಗಾಡಿಗಿಂತ ಮೊದಲು ತೂಕದ ವಿಷಯ ಬಗೆಹರಿಯಬೇಕು. ಬಾಡಿಗೆ, ಹಮಾಲಿ, ಹಗ್ಗ, ಎಲ್ಲ ತೂಕದ ಮೇಲೇ ನಿಂತಿದೆ.

ಉದಾಹರಣೆಗೆ ಸ್ವಿಫ್ಟ್ ಡೀಸೆಲ್‌ನ 1.3 ಮಲ್ಟಿಜೆಟ್ ಎಂಜಿನ್ ತೆಗೆದುಕೊಳ್ಳಿ. 1248 ಸಿಸಿ, ಬೀಡಿನ (ಎರಕದ ಕಬ್ಬಿಣದ) ಬ್ಲಾಕು ಅಂದರೆ ಎಂಜಿನ್‌ನ ಮುಖ್ಯ ಒಡಲು, ಅದರ ಮೇಲೆ ಅಲ್ಯುಮಿನಿಯಂ ಹೆಡ್ಡು. ಆಯಿಲ್ ಇಲ್ಲದೆ ಸುಮಾರು 130 ಕೆಜಿ ಅಂತ ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ. ಆ ಅಂಕಿ ಸುಳ್ಳಲ್ಲ, ಆದರೆ ನಿಮ್ಮ ಕೈಗೆ ಬರುವ ಎಂಜಿನ್ ಹಾಗಿರುವುದಿಲ್ಲ. ಎಸಿ ಕಂಪ್ರೆಸರ್ ಇರುತ್ತದೆ, ಆಲ್ಟರ್ನೇಟರ್ ಇರುತ್ತದೆ, ಮೌಂಟಿಂಗ್ ಇರುತ್ತದೆ, ಒಳಗೆ ಮೂರು ಲೀಟರ್ ಕರಿ ಆಯಿಲ್ಲೂ ಇರುತ್ತದೆ. ಗೇರ್‌ಬಾಕ್ಸ್ ಬೇರೆ. ಎಲ್ಲ ಸೇರಿ 200 ಕೆಜಿ ಹತ್ತಿರ ಅಂತಲೇ ಲೆಕ್ಕ ಹಾಕಿಕೊಂಡು ಹೊರಡುವುದು ಒಳ್ಳೆಯದು. ಜಿಪ್ಸಿಯ 1298 ಸಿಸಿ ಎಂಜಿನ್‌ನಲ್ಲಿ ಬ್ಲಾಕೇ ಅಲ್ಯುಮಿನಿಯಂ, ಗಟ್ಟಿ ಆಳುಗಳು ಇಬ್ಬರಿದ್ದರೆ ಬರಿ ಎಂಜಿನ್ ಎತ್ತಿಬಿಡುತ್ತಾರೆ. ಹಳೇ ಮಹೀಂದ್ರಾ ಜೀಪಿನ ಡೀಸೆಲ್ ಎಂಜಿನ್ ಆದರೆ ಚೈನ್ ಪುಲ್ಲಿ ಇಲ್ಲದೆ ಮುಟ್ಟಲೂ ಬೇಡಿ.

ತೂಕ ನೋಡುವ ದಾರಿಗಳಲ್ಲಿ ನನಗೆ ಹೆಚ್ಚು ನಂಬಿಕೆ ಗುಜರಿಯವರ ಪ್ಲಾಟ್‌ಫಾರ್ಮ್ ತಕ್ಕಡಿ ಮೇಲೆ. ಅವರು ಕಬ್ಬಿಣ ಕೊಳ್ಳುವುದೇ ಕೆಜಿ ಲೆಕ್ಕದಲ್ಲಿ, ಹಾಗಾಗಿ ತಕ್ಕಡಿ ಅಲ್ಲೇ ಇರುತ್ತದೆ. ದುಡ್ಡು ಕೊಡುವ ಮೊದಲು ತೂಗಿಸಿ, ಕೊಟ್ಟ ಮೇಲೆ ಕೇಳಿದರೆ ಯಾರಿಗೂ ಪುರುಸೊತ್ತಿರುವುದಿಲ್ಲ. ವೇ ಬ್ರಿಡ್ಜ್‌ಗೆ ಖಾಲಿ ಗಾಡಿ ಒಮ್ಮೆ, ತುಂಬಿದ ಗಾಡಿ ಒಮ್ಮೆ ಹತ್ತಿಸಿ ಕಳೆಯುವುದೂ ಉಂಟು. ಆದರೆ ಲಾರಿ ತೂಗುವ ಆ ಮಷೀನು 5 ಅಥವಾ 10 ಕೆಜಿ ಮೆಟ್ಟಿಲಲ್ಲಿ ತೋರಿಸುತ್ತದೆ. ಜೊತೆಗೆ ಎರಡು ಸಲವೂ ಡ್ರೈವರ್ ಒಳಗೇ ಇರಬೇಕು, ಇಲ್ಲವೇ ಎರಡು ಸಲವೂ ಇಳಿದಿರಬೇಕು. 200 ಕೆಜಿ ಸಾಮಾನಿಗೆ ಇದು ಒರಟು ಲೆಕ್ಕ.

ಮನೆಯಲ್ಲೇ ತೂಗಬೇಕೆಂದರೆ ಮನುಷ್ಯರ ತೂಕ ನೋಡುವ ಮಷೀನು ಒಂದೇ ಸಾಕು, ಇದು ನನಗೆ ತುಂಬಾ ಇಷ್ಟವಾದ ಉಪಾಯ. ಗಟ್ಟಿ ಹಲಗೆ ಮೇಲೆ ಎಂಜಿನ್ ಇಟ್ಟು, ಹಲಗೆಯ ಒಂದು ತುದಿ ಮಷೀನಿನ ಮೇಲೆ, ಇನ್ನೊಂದು ತುದಿ ಅಷ್ಟೇ ಎತ್ತರದ ಇಟ್ಟಿಗೆ ಮೇಲೆ ಬರಲಿ. ಎಷ್ಟು ತೋರಿಸುತ್ತದೆ ಬರೆದುಕೊಳ್ಳಿ. ಆಮೇಲೆ ಎಂಜಿನ್ ಅಲ್ಲಾಡಿಸದೆ ಮಷೀನು ಆ ಕಡೆಗೆ, ಇಟ್ಟಿಗೆ ಈ ಕಡೆಗೆ. ಎರಡನ್ನೂ ಕೂಡಿಸಿ ಹಲಗೆ ತೂಕ ಕಳೆದರೆ ಎಂಜಿನ್ ತೂಕ ಸಿಕ್ಕಿತು. ಭಾರ ಯಾವ ಕಡೆ ಜಾಸ್ತಿ ಅನ್ನುವುದೂ ಇದರಲ್ಲೇ ಗೊತ್ತಾಗುತ್ತದೆ, ಚೈನ್ ಎಲ್ಲಿ ಸಿಕ್ಕಿಸಬೇಕು ಅಂತ ಹುಡುಕಾಡಬೇಕಿಲ್ಲ. ತಕ್ಕಡಿಯೂ ಹೇಳದ ಮಾತಿದು.

ಇನ್ನು ಸಾಗಾಟ. ಎಂಜಿನ್, ಗೇರ್‌ಬಾಕ್ಸ್ ಬಿಡಿಸಿ ತನ್ನಿ ಅನ್ನುವವನು ನಾನು. ಒಂದೊಂದೇ ಆದರೆ ಎತ್ತುವುದು ಸುಲಭ, ಕ್ಲಚ್ ಪ್ಲೇಟು ಎಷ್ಟು ಸವೆದಿದೆ ಅಂತ ಅಲ್ಲೇ ಕಣ್ಣಾರೆ ನೋಡಬಹುದು. ಜೋಡಿಯಾಗೇ ತರುವುದಾದರೆ ಗೇರ್‌ಬಾಕ್ಸ್ ಕೆಳಗೂ ಆನಿಕೆ ಕೊಡಲೇಬೇಕು, ಇಲ್ಲದಿದ್ದರೆ ದಾರಿಯುದ್ದಕ್ಕೂ ಪೆಟ್ಟು ಬೀಳುವುದು ಎರಡೂ ಕೂಡುವ ಜಾಗದ ಕವಚಕ್ಕೆ, ಅಂದರೆ ಬೆಲ್ ಹೌಸಿಂಗ್‌ಗೆ. ಆಯಿಲ್ ಅಲ್ಲೇ ಇಳಿಸಿ. ಆಕ್ಸಲ್ ತೆಗೆದ ತೂತುಗಳಿಗೆ ಪ್ಲಾಸ್ಟಿಕ್ ಸುತ್ತಿದ ಬಟ್ಟೆ ತುರುಕಿ, ಗೇರ್ ಆಯಿಲ್ ಸೋರುವುದು ಅಲ್ಲಿಂದಲೇ. ಟರ್ಬೊ ಬಾಯಿ, ಇಂಜೆಕ್ಟರ್ ಪೈಪಿನ ಬಾಯಿ ಎಲ್ಲ ಟೇಪಿನಲ್ಲಿ ಮುಚ್ಚಿ. ಡೀಸೆಲ್ ಲೈನಿಗೆ ಒಂದು ಚಿಟಿಕೆ ಧೂಳು ಹೋದರೂ ಇಂಜೆಕ್ಟರ್ ಕೆಲಸ ಮೈಮೇಲೆ ಬಂತು ಅಂತಲೇ ಅರ್ಥ.

ಸ್ವಂತ ಕಾರಿನಲ್ಲಿ ಎಲ್ಲ ನಮ್ಮ ಕಣ್ಣ ಮುಂದೆ, ನಮ್ಮ ಟೈಮಿಗೆ. ಓಮ್ನಿಯ ಹಿಂದಿನ ಸೀಟು ಬಿಚ್ಚಿದರೆ ಜಾಗಕ್ಕೂ ತೊಂದರೆಯಿಲ್ಲ. ಐದು ಜನ ಕೂರುವ ಕಾರಿಗೆ 200 ಕೆಜಿ ಏನು ಮಹಾ ಅನಿಸಬಹುದು. ಆದರೆ ಮನುಷ್ಯರ ಭಾರ ಹಂಚಿಕೊಂಡು ಕೂರುತ್ತದೆ, ಸೀಟ್ ಬೆಲ್ಟೂ ಇರುತ್ತದೆ. ಇಲ್ಲಿ ಅಷ್ಟೂ ಭಾರ ಒಂದೇ ಕಡೆ, ಅದೂ ನಮ್ಮ ಬೆನ್ನ ಹಿಂದೆ. ಕುಣಿಗಲ್ ದಾಟಿದ ಮೇಲೆ ರಸ್ತೆ ಚೆನ್ನಾಗಿದೆ, ಸ್ಪೀಡು ತಾನಾಗೇ ಏರುತ್ತದೆ, ಅಡ್ಡ ಒಂದು ದನ ಬಂದು ಬ್ರೇಕ್ ಒತ್ತಿದರೆ ಆ ಬೀಡಿನ ಗಡ್ಡೆ ಮುಂದಕ್ಕೇ ಬರೋದು. ನೆಲದ ಕೊಕ್ಕೆಗಳಿಗೆ ರ್‍ಯಾಚೆಟ್ ಬೆಲ್ಟ್ ಹಾಕಿ ನಾಲ್ಕೂ ಕಡೆ ಬಿಗಿದರೂ ನನಗೆ ಊರು ಸೇರುವ ತನಕ ಸಮಾಧಾನ ಇರುವುದಿಲ್ಲ. ಮಾರುತಿ 800 ಎಂಜಿನ್ ಆದರೆ ಸರಿ, ಡೀಸೆಲ್‌ಗೆ ನಾನು ಒಪ್ಪುವುದಿಲ್ಲ.

ಲಾರಿ ಆಫೀಸಿನ ಬಾಡಿಗೆ ನೋಡಿದರೆ ಎಲ್ಲಕ್ಕಿಂತ ಕಡಿಮೆ. ಕಲಾಸಿಪಾಳ್ಯದಲ್ಲಿ ಹಾಕಿದರೆ ಹಾಸನದ ಗೋಡೌನಿಗೆ ಬರುತ್ತದೆ. ಆದರೆ ಅಂಗಡಿಯಿಂದ ಕಲಾಸಿಪಾಳ್ಯಕ್ಕೆ ಗೂಡ್ಸ್ ಆಟೋ, ಹತ್ತಿಸಲು ಹಮಾಲಿ, ಮರದ ಪೆಟ್ಟಿಗೆ, ಆ ಪೆಟ್ಟಿಗೆಯ ತೂಕಕ್ಕೂ ಬಾಡಿಗೆ, ಇಲ್ಲಿ ಇಳಿಸಲು ಮತ್ತೆ ಹಮಾಲಿ, ಗೋಡೌನಿಂದ ಗ್ಯಾರೇಜಿಗೆ ಇನ್ನೊಂದು ಆಟೋ. ಎಲ್ಲ ಕೂಡಿಸಿದರೆ ಕಡಿಮೆ ಅನ್ನುವ ಮಾತು ಉಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಪ್ರತಿ ಸಲ ಕೈ ಬದಲಾದಾಗಲೂ ಒಂದು ಪೆಟ್ಟು ಗ್ಯಾರಂಟಿ. ಒಂದು ಎಂಜಿನ್ ನನ್ನ ಕೈಗೆ ಬಂದಾಗ ಸಂಪು (ಎಂಜಿನ್ ತಳದ ಆಯಿಲ್ ತಟ್ಟೆ) ಒಳಕ್ಕೆ ತಗ್ಗಿತ್ತು, ಸೆನ್ಸರ್ ಸಾಕೆಟ್ಟು ಮುರಿದಿತ್ತು. ಯಾರು ಎತ್ತಿಹಾಕಿದರು ಅಂತ ಕೇಳುವುದು ಯಾರನ್ನ? ಪೆಟ್ಟಿಗೆ ಮಾಡಿಸದೆ ಲಾರಿಗೆ ಹಾಕಲೇಬೇಡಿ. ಎಂಜಿನ್ ಸಂಪಿನ ಮೇಲೆ ಕೂರದ ಹಾಗೆ ಬ್ಲಾಕಿನ ಅಂಚಿಗೆ ಮರದ ತುಂಡು ಕೊಡಿಸಿ.

ಪಿಕಪ್ ಗೆಲ್ಲುವುದು ಇಲ್ಲೇ. ಹತ್ತಿಸುವುದು ಒಂದು ಸಲ, ಇಳಿಸುವುದು ಒಂದು ಸಲ, ಅಷ್ಟೇ. ಬೊಲೆರೊ ಪಿಕಪ್‌ಗಾಗಲಿ ಟಾಟಾ ಏಸ್‌ಗಾಗಲಿ ಈ ತೂಕ ಲೆಕ್ಕಕ್ಕೇ ಇಲ್ಲ. ಸುಮ್ನೆ ಬೆಂಗಳೂರಲ್ಲಿ ಗಾಡಿ ಬುಕ್ ಮಾಡಿದರೆ ಹೋಗಿ ಬರುವ ಎರಡೂ ಕಡೆ ಬಾಡಿಗೆ ಕೇಳುತ್ತಾರೆ, ಕೈ ಕಚ್ಚುತ್ತದೆ. ನಮ್ಮ ಕಡೆಯಿಂದ ತರಕಾರಿ, ಆಲೂಗಡ್ಡೆ ಹೇರಿಕೊಂಡು ಹೋದ ಗಾಡಿಗಳು ಬೆಳಗ್ಗೆ ಖಾಲಿ ಬರುತ್ತವೆ. ಹಾಸನದ ಸ್ಟ್ಯಾಂಡಿನಲ್ಲೇ ಹಿಂದಿನ ದಿನ ಮಾತಾಡಿಟ್ಟರೆ ಡೀಸೆಲ್ ಖರ್ಚಿನ ಮೇಲೆ ಸ್ವಲ್ಪ ಕೊಟ್ಟರೂ ಅವರು ಖುಷಿಯಿಂದ ಹಾಕಿಕೊಂಡು ಬರುತ್ತಾರೆ. ಕೆಳಗೆ ಎರಡು ಹಳೇ ಟೈರು ಹಾಕಿ ಅದರ ಮೇಲೆ ಎಂಜಿನ್ ಕೂರಿಸಿ, ಕ್ಯಾಬಿನ್ ಕಡೆ ಒತ್ತಿಸಿ ಕಟ್ಟಿಸಿ. ಹಗ್ಗ ಬ್ಲಾಕಿಗೆ ಇಲ್ಲವೇ ಎತ್ತುವ ಕೊಕ್ಕೆಗೆ ಬೀಳಬೇಕು, ಪೈಪಿಗೋ ವೈರಿಂಗಿಗೋ ಅಲ್ಲ. ನೀವೂ ಮುಂದಿನ ಸೀಟಿನಲ್ಲಿ ಕೂತು ಬನ್ನಿ, ನೆಲಮಂಗಲದಲ್ಲೊಮ್ಮೆ ಇಳಿದು ಹಗ್ಗ ನೋಡಿ. ಟೈರು ಒತ್ತಿಕೊಂಡು ಹಗ್ಗ ಸಡಿಲವಾಗಿಯೇ ಇರುತ್ತದೆ, ಮತ್ತೆ ಬಿಗಿಸಬೇಕು.

ಯಾವುದರಲ್ಲೇ ತನ್ನಿ, ಎಂಜಿನ್ ನಂಬರ್ ಬರೆದ ಬಿಲ್ಲು, ಆ ಎಂಜಿನ್ ಇದ್ದ ಕಾರಿನ ಆರ್‌ಸಿ ಜೆರಾಕ್ಸು ಕೈಯಲ್ಲಿರಲಿ. ದಾರಿಯಲ್ಲಿ ಪೊಲೀಸರು ಕೇಳಿದರೆ ತೋರಿಸಲು ಅದು ಬೇಕು, ಆಮೇಲೆ ಆರ್‌ಟಿಒದಲ್ಲಿ ಹೊಸ ಎಂಜಿನ್ ನಂಬರ್ ಆರ್‌ಸಿಗೆ ಏರಿಸಲೂ ಅದೇ ಬೇಕು. ಬಿಲ್ಲಿನ ನಂಬರನ್ನೂ ಬ್ಲಾಕಿನ ಮೇಲೆ ಕೆತ್ತಿದ ನಂಬರನ್ನೂ ಅಂಗಡಿಯಲ್ಲೇ ತಾಳೆ ನೋಡಿ. ಗ್ರೀಸು ಕಟ್ಟಿದ್ದರೆ ಡೀಸೆಲ್ ಹಾಕಿ ಒರೆಸಿ ಫೋಟೊ ತೆಗೆದುಕೊಳ್ಳಿ.