ಕೆಂಪು ದೀಪ ಆರಿಸಬಹುದಾದ ವಾಯ್ಸ್ ರೆಕಾರ್ಡರ್: ಐದಕ್ಕೆ ಮೂರು ಸ್ಟಾರ್

ನನಗೆ ಎಡಗಿವಿ ಮಂದ. ಮೀಟಿಂಗಲ್ಲಿ ಎಡಗಡೆ ಕೂತವರು ಹೇಳಿದ್ದು ಅರ್ಧ ಗಾಳಿಗೇ ಹೋಗುತ್ತೆ. ಆಮೇಲೆ ಕೂತು ನಿಧಾನವಾಗಿ ಕೇಳಿಸಿಕೊಳ್ಳೋಣ ಅಂತ ಈ ವಾಯ್ಸ್ ರೆಕಾರ್ಡರ್ ತಗೊಂಡೆ. ನಾಲ್ಕು ತಿಂಗಳು ಬಳಸಿ ಬರೀತಿದ್ದೀನಿ. ಕಂಪನಿ ಹೆಸರು ಬೇಡ, ಇದೇ ಮಾಲು ಹತ್ತು ಹೆಸರಲ್ಲಿ ಸಿಗುತ್ತೆ.

ಗಾತ್ರ ಬೆಂಕಿಪೊಟ್ಟಣದಷ್ಟು, ಹಿಂದೆ ಕ್ಲಿಪ್. ಮೇಜಿನ ಮಧ್ಯೆ ಇಟ್ಟರೆ ಆರು ಜನರ ಮಾತೂ ಸ್ಪಷ್ಟ. ಜೇಬಲ್ಲಿ ಇಟ್ಟರೆ ಮಾತ್ರ ಬಟ್ಟೆ ಉಜ್ಜೋ ಸದ್ದು ಬಿಟ್ಟು ಇನ್ನೇನೂ ಇರಲ್ಲ. ಬ್ಯಾಟರಿ ಬಗ್ಗೆ ತಕರಾರಿಲ್ಲ.

ತಕರಾರು ಇರೋದು ಡಬ್ಬದ ಮೇಲಿನ ಬರಹದ ಬಗ್ಗೆ. ಯಾರಿಗೂ ಗೊತ್ತಾಗದ ಹಾಗೆ ರೆಕಾರ್ಡ್ ಮಾಡಬಹುದಂತೆ, ಎಲ್ಲ ದೇಶದಲ್ಲೂ ಕಾನೂನುಬದ್ಧವಂತೆ. ಶುದ್ಧ ಸುಳ್ಳು. ಅಮೆರಿಕದ ಫೆಡರಲ್ ಕಾನೂನಿಗೆ ಮಾತಾಡುವವರಲ್ಲಿ ಒಬ್ಬರ ಒಪ್ಪಿಗೆ ಸಾಕು, ಆ ಒಬ್ಬರು ನೀವೇ ಆಗಬಹುದು. ಅದೇ ದೇಶದ ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಮಾತಿಗೆ ಎಲ್ಲರ ಒಪ್ಪಿಗೆಯೂ ಬೇಕು. ಕ್ಯಾಲಿಫೋರ್ನಿಯಾದವರ ಜೊತೆಗಿನ ಫೋನ್ ಕರೆಯನ್ನ ಇನ್ನೊಂದು ರಾಜ್ಯವಾದ ಜಾರ್ಜಿಯಾದಲ್ಲಿ ಕೂತು ರೆಕಾರ್ಡ್ ಮಾಡಿದರೂ ತನ್ನ ರಾಜ್ಯದ ಕಾನೂನೇ ಅನ್ವಯ ಅಂತ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ಜರ್ಮನಿಯ ದಂಡಸಂಹಿತೆಯ 201ನೇ ಕಲಮಿನ ಪ್ರಕಾರ ಒಪ್ಪಿಗೆ ಇಲ್ಲದೆ ಖಾಸಗಿ ಮಾತು ರೆಕಾರ್ಡ್ ಮಾಡಿದರೆ 3 ವರ್ಷದವರೆಗೂ ಜೈಲಾಗಬಹುದು. ಭಾರತದಲ್ಲಿ ಮಲ್ಕಾನಿ ಪ್ರಕರಣದ ತೀರ್ಪು ಎಲ್ಲರೂ ಎತ್ತಿ ಹೇಳ್ತಾರೆ: ಒಂದು ಕಡೆಯವರ ಒಪ್ಪಿಗೆಯಿಂದ ಪೊಲೀಸರು ಮಾಡಿಕೊಂಡ ಫೋನ್ ರೆಕಾರ್ಡಿಂಗನ್ನು ಸುಪ್ರೀಂ ಕೋರ್ಟ್ ಸಾಕ್ಷ್ಯವಾಗಿ ಒಪ್ಪಿಕೊಂಡಿತ್ತು. ಆದರೆ ಕೋರ್ಟಲ್ಲಿ ಸಾಕ್ಷ್ಯವಾಗೋದು ಬೇರೆ, ಊರಿಗೆಲ್ಲ ಫಾರ್ವರ್ಡ್ ಮಾಡೋದು ಬೇರೆ.

ಸೆಟ್ಟಿಂಗಲ್ಲಿ ಕೆಂಪು ದೀಪ ಆರಿಸೋ ಆಯ್ಕೆ ಕೊಟ್ಟಿದ್ದಾರೆ. ಆಪಲ್ 2024ರಲ್ಲಿ ಐಫೋನಿನ ತಂತ್ರಾಂಶ ಐಒಎಸ್ 18.1ರ ಜೊತೆ ಕರೆ ರೆಕಾರ್ಡಿಂಗ್ ತಂದಾಗ ಇಬ್ಬರಿಗೂ ಕೇಳಿಸೋ ಹಾಗೆ ಘೋಷಣೆ ಇಟ್ಟಿತು. ಇವರು ಇದ್ದ ಒಂದು ದೀಪವನ್ನೂ ಆರಿಸಿ ಅಂತಾರೆ. ನಾನು ಆರಿಸಿಲ್ಲ.

ನನ್ನನ್ನು ನಿಜವಾಗಿ ಸಿಕ್ಕಿಹಾಕಿಸಿದ್ದು ದನಿ ಬಂದಾಗ ಮಾತ್ರ ರೆಕಾರ್ಡ್ ಆಗೋ ಮೋಡ್. ಸದ್ದು ನಿಂತರೆ ಇದು ಮಲಗುತ್ತೆ, ಮತ್ತೆ ಏಳೋ ಹೊತ್ತಿಗೆ ಮೊದಲ ಒಂದೆರಡು ಅಕ್ಷರ ನುಂಗಿರುತ್ತೆ. ಒಂದು ಮೀಟಿಂಗಲ್ಲಿ, ಎಲ್ಲರನ್ನೂ ಕೇಳಿಯೇ ಆನ್ ಮಾಡಿದ್ದೆ, ಸಹೋದ್ಯೋಗಿಯೊಬ್ಬರು "ಆ ತಾರೀಕಿಗೆ ನಾನು ಒಪ್ಪಿದೀನಿ" ಅಂದು ಕಾಗದ ತಿರುವಿ ನೋಡಿ, ತಗ್ಗಿದ ದನಿಯಲ್ಲಿ "ಅಂತಲ್ಲ" ಅಂದಿದ್ದರು. ರೆಕಾರ್ಡಿಂಗಲ್ಲಿ "ಅಂತಲ್ಲ" ಇಲ್ಲ. ನಮ್ಮ ಭಾಷೇಲಿ ಇಲ್ಲ, ಅಲ್ಲ, ಬೇಡ ಎಲ್ಲ ವಾಕ್ಯದ ಬಾಲಕ್ಕೇ ಬರೋದು, ದನಿ ತಗ್ಗೋದೂ ಅಲ್ಲೇ. ಅವರು ಒಪ್ಪಿದ್ದಾರೆ ಅಂತ ನಾನು ಟಿಪ್ಪಣಿ ಕಳಿಸಿಬಿಟ್ಟೆ. ಫೋನ್ ಮಾಡಿದರು. ರೆಕಾರ್ಡಿಂಗ್ ಹಾಕಿ ಕೇಳಿಸಿದೆ. "ದನಿ ನಂದೇ ಸರ್, ಮಾತು ನಂದಲ್ಲ" ಅಂದರು. ಕ್ಷಮೆ ಕೇಳಿ ಆ ಮೋಡ್ ಆಫ್ ಮಾಡಿದ್ದು, ಇವತ್ತಿಗೂ ಆಫೇ.

ಅಸಲಿಗೆ ಅದನ್ನ ಮಾಡಿರೋದು ಯಂತ್ರ ಇಟ್ಟು ಎದ್ದು ಹೋಗೋರಿಗೆ ಅನಿಸುತ್ತೆ. ಒಬ್ಬರ ಒಪ್ಪಿಗೆ ಸಾಕು ಅನ್ನೋ ಕಡೆಯೂ ಆ ಒಬ್ಬರು ಮಾತಿನೊಳಗೆ ಇರಬೇಕು. ಎದ್ದು ಹೋದಿರೋ, ಅದು ಕದ್ದು ಕೇಳಿದ ಹಾಗೆ. ಒಮ್ಮೆ ಫೋನ್ ಬಂತು ಅಂತ ಹೊರಗೆ ಹೋಗಿ ನಾನೂ ಮರೆತಿದ್ದೆ. ಹನ್ನೊಂದು ನಿಮಿಷ ಉಳಿದವರ ಹರಟೆ ಮುದ್ರಣವಾಗಿತ್ತು. ಅರ್ಧ ನಿಮಿಷ ಕೇಳಿದೆ, ಸುಳ್ಳು ಹೇಳಲ್ಲ. ನನ್ನ ಹೆಸರು ಬಂದ ತಕ್ಷಣ ನಿಲ್ಲಿಸಿ ಅಳಿಸಿದೆ, ಮಾರನೇ ದಿನ ಅವರಿಗೂ ಹೇಳಿದೆ.

ಈಗ ಒಂದು ರೂಢಿ ಮಾಡಿಕೊಂಡಿದ್ದೀನಿ. ಬಟನ್ ಒತ್ತೋಕೆ ಮುಂಚೆ ಒಮ್ಮೆ ಕೇಳ್ತೀನಿ, ಒತ್ತಿದ ಮೇಲೆ ಇನ್ನೊಮ್ಮೆ, ಉತ್ತರ ಫೈಲಲ್ಲೇ ಇರಲಿ ಅಂತ. ಮೊದಲೆರಡು ನಿಮಿಷ ಎಲ್ಲರೂ ಭಾಷಣದ ಥರ ಮಾತಾಡ್ತಾರೆ, ಆಮೇಲೆ ಮರೀತಾರೆ. ಈವರೆಗೆ ಬೇಡ ಅಂದವರು ಒಬ್ಬರೇ. ರೆಕಾರ್ಡರ್ ಬ್ಯಾಗಿಗೆ ಹಾಕಿ, ಬಲಗಿವಿ ಅವರ ಕಡೆ ಬರೋ ಹಾಗೆ ಕುರ್ಚಿ ತಿರುಗಿಸಿಕೊಂಡು ಕೂತೆ.