ಬೀದರ್ ಕೋಟೆಯ ವಸ್ತುಸಂಗ್ರಹಾಲಯ: ಮೊದಲು ನೋಡಬೇಕಾದದ್ದು ಕಟ್ಟಡವನ್ನೇ

ಬೀದರ್ ಕೋಟೆಯೊಳಗಿನ ವಸ್ತುಸಂಗ್ರಹಾಲಯ ಇರುವುದು ಶಾಹಿ ಹಮಾಮಿನಲ್ಲಿ, ಅಂದರೆ ಅರಮನೆಯವರ ಸ್ನಾನಗೃಹವಾಗಿದ್ದ ಕಟ್ಟಡದಲ್ಲಿ. ಸುತ್ತಲಿನ ಪ್ರದೇಶದ ಕಲ್ಲಿನ ಶಿಲ್ಪಗಳನ್ನೂ ಹಳೆಯ ಆಯುಧಗಳನ್ನೂ ಇಲ್ಲಿ ಇರಿಸಲಾಗಿದೆ. ಬಂದವರಲ್ಲಿ ಹೆಚ್ಚಿನವರು ಕತ್ತಿ, ತುಪಾಕಿಗಳ ಮುಂದೆಯೇ ನಿಲ್ಲುತ್ತಾರೆ. ನನ್ನ ದೃಷ್ಟಿಯಲ್ಲಿ ಇಲ್ಲಿನ ಅತ್ಯಂತ ದೊಡ್ಡ ವಸ್ತು ಆ ಕಟ್ಟಡವೇ. ಅದನ್ನು ನೋಡದೆ ಒಳಗಿಟ್ಟದ್ದನ್ನಷ್ಟೇ ನೋಡಿ ಬಂದರೆ ಅರ್ಧ ನೋಡಿದಂತೆ.

1422ರಲ್ಲಿ ಪಟ್ಟವೇರಿದ ಅಹಮದ್ ಷಾ ಬಹಮನಿ ರಾಜಧಾನಿಯನ್ನು ನಮ್ಮ ಕಲಬುರಗಿಯಿಂದ ಬೀದರಿಗೆ ಒಯ್ದ. ಬಹಮನಿಗಳ ನಂತರ ಬರೀದ್ ಶಾಹಿಗಳೂ ಇಲ್ಲಿಂದಲೇ ಆಳಿದರು. ಹಮಾಮಿನ ಆಸುಪಾಸಿನಲ್ಲಿ ಲಾಲ್ ಬಾಗ್ ತೋಟ, ಸೋಲಾ ಖಂಬಾ ಮಸೀದಿ, ತರ್ಕಶ್ ಮಹಲ್ ಇರುವುದರಿಂದ ಅರಮನೆಯ ದೈನಂದಿನ ಬದುಕು ನಡೆಯುತ್ತಿದ್ದ ಜಾಗ ಇದೇ ಎಂಬುದು ತಾನಾಗಿ ತಿಳಿಯುತ್ತದೆ.

ಹಮಾಮುಗಳನ್ನು ಕಟ್ಟುವ ಕ್ರಮವೇ ಬೇರೆ. ಕಾವು ಹೊರಗೆ ಹೋಗದಂತೆ ಗೋಡೆಗಳನ್ನು ದಪ್ಪವಾಗಿಯೂ ಕೋಣೆಗಳನ್ನು ಚಿಕ್ಕದಾಗಿಯೂ ಕಟ್ಟಿ, ಕಿಟಕಿಗಳಿಗೆ ಬದಲು ಗುಮ್ಮಟದ ಮೇಲ್ಭಾಗದ ರಂಧ್ರಗಳಿಂದ ಬೆಳಕನ್ನು ಇಳಿಬಿಟ್ಟು, ಬಿಸಿ ಮತ್ತು ತಣ್ಣೀರನ್ನು ಕೊಳವೆಗಳ ಮೂಲಕ ಒಳಗೆ ತರುತ್ತಿದ್ದರು. ಇದನ್ನು ತಿಳಿದುಕೊಂಡು ಒಳಹೊಕ್ಕರೆ, ಇಕ್ಕಟ್ಟಾಗಿ ಕಾಣುವ ಆ ಕೋಣೆಗಳು ಏಕೆ ಹಾಗಿವೆ ಎಂಬುದು ಅರ್ಥವಾಗುತ್ತದೆ. ಆದರೆ ಇದೇ ರಚನೆಯಿಂದಾಗಿ ಗುಂಪಿನಲ್ಲಿ ಬಂದವರಿಗೆ ನಿಲ್ಲಲು ಜಾಗ ಸಾಲದು. ರಜಾದಿನಗಳಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವವರು ಬೆಳಿಗ್ಗೆ ಬೇಗ ಹೋಗುವುದು ಒಳ್ಳೆಯದು.

ನೀರಿನ ವಿಷಯದಲ್ಲಿ ಬೀದರಿನವರ ಜಾಣತನವನ್ನು ಪೂರ್ತಿ ತಿಳಿಯಬೇಕೆಂದರೆ ನೌಬಾದಿನ ಕರೇಜನ್ನೂ ನೋಡಬೇಕು. ಮೇಲಿನ ಜಂಬಿಟ್ಟಿಗೆ ಕಲ್ಲು ಮಳೆನೀರನ್ನು ಹೀರಿ ಕೆಳಗಿಳಿಸುತ್ತದೆ, ಕೆಳಗಿನ ಕಪ್ಪು ಶಿಲೆ ಅದನ್ನು ತಡೆಯುತ್ತದೆ. ಹಾಗೆ ನಿಂತ ನೀರನ್ನು ನೆಲದಡಿಯ ಸುರಂಗದಲ್ಲಿ ಹರಿಸುವ ವ್ಯವಸ್ಥೆ ಅದು.

ಕೋಟೆಯಲ್ಲಿರುವ ರಂಗೀನ್ ಮಹಲನ್ನು ಬಿಟ್ಟುಬರಬೇಡಿ. ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂಡಿಸಿದ ಅಲ್ಲಿನ ಕೆಲಸವನ್ನೂ ಮರದ ಕಂಬಗಳ ಕೆತ್ತನೆಯನ್ನೂ ಕಂಡ ಮೇಲೆ, ಪೇಟೆಯಲ್ಲಿ ಮಾರುವ ಬಿದರಿ ಹೂದಾನಿಗಳ ಬೆಳ್ಳಿ ಕುಸುರಿಯನ್ನು ಬೇರೆ ಕಣ್ಣಿನಿಂದ ನೋಡುತ್ತೇವೆ. ಬಿದರಿಯ ಕಪ್ಪು ಬಣ್ಣಕ್ಕೆ ನವಸಾಗರದೊಡನೆ ಬಳಸುವುದು ಇದೇ ಕೋಟೆಯ ಮಣ್ಣು.

ಕಟ್ಟಡಕ್ಕೆ ಐದಕ್ಕೆ ಐದು, ಸಂಗ್ರಹಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಶಿಲ್ಪಗಳಲ್ಲಿ ಹೆಚ್ಚು ಆಸಕ್ತಿ ಇರುವವರು ಹುಮನಾಬಾದ್ ಕಡೆಯ ಜಲಸಂಗಿಯ ದೇವಾಲಯಕ್ಕೂ ಒಂದು ಹೊತ್ತು ಮೀಸಲಿಡಲಿ. ಕಲ್ಯಾಣ ಚಾಲುಕ್ಯರ ಕಾಲದ ಮದನಿಕೆಯರು ಅಲ್ಲಿ ಗೋಡೆಯ ಮೇಲೆಯೇ ಇದ್ದಾರೆ.