ವರ್ಡ್‌ಪ್ರೆಸ್, ಸ್ವಂತ ವಿಪಿಎಸ್, ಹ್ಯೂಗೊ: ಸಣ್ಣ ಕನ್ನಡ ಪತ್ರಿಕೆಯ ಜಾಲತಾಣಕ್ಕೆ ಮೂರು ದಾರಿಗಳ ಹೋಲಿಕೆ

ನಾನು ನೋಡಿಕೊಳ್ಳುತ್ತಿರುವುದು ಒಂದು ಸಣ್ಣ ಸಾಹಿತ್ಯ ಸಂಘದ ಮಾಸಪತ್ರಿಕೆಯ ಜಾಲತಾಣ. ಅದರಲ್ಲಿ ಎರಡು ಬಗೆಯ ಸಾಮಗ್ರಿ ಇದೆ: ಸಂಪಾದಕ ಮಂಡಳಿಯ ನಾಲ್ಕಾರು ಜನ ಪ್ರತಿ ತಿಂಗಳು ಸೇರಿಸುವ ಹೊಸ ಬರಹಗಳು ಒಂದು ಕಡೆ, ‘ನುಡಿ’ ಮತ್ತು ‘ಬರಹ’ ಎಂಬ ಟೈಪಿಂಗ್ ತಂತ್ರಾಂಶಗಳ, ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಅಕ್ಷರ ಜೋಡಣೆಯಾದ ಹಿಂದಿನ ಸಂಚಿಕೆಗಳು ಇನ್ನೊಂದು ಕಡೆ. ಈ ಸಾಮಗ್ರಿಯನ್ನು ಶೇರ್ಡ್ ಹೋಸ್ಟಿಂಗ್‌ನಲ್ಲಿ (ಹಲವರು ಹಂಚಿಕೊಳ್ಳುವ ಸರ್ವರ್) ವರ್ಡ್‌ಪ್ರೆಸ್ ಎಂಬ ಜಾಲತಾಣ ನಿರ್ವಹಣಾ ತಂತ್ರಾಂಶ ಹಾಕಿ, ಆಮೇಲೆ ಅದೇ ವರ್ಡ್‌ಪ್ರೆಸ್ಸನ್ನು ನಾನೇ ನಿರ್ವಹಿಸುವ ವಿಪಿಎಸ್‌ಗೆ (ಬಾಡಿಗೆಗೆ ಪಡೆದ ವರ್ಚುವಲ್ ಸರ್ವರ್) ಸಾಗಿಸಿ, ಕೊನೆಗೆ ಹ್ಯೂಗೊ ಎಂಬ ಉಪಕರಣ ಬಳಸಿ ಡೇಟಾಬೇಸ್ ಇಲ್ಲದ ಸ್ಥಿರ ಪುಟಗಳಾಗಿ ಕಟ್ಟಿ, ಹೀಗೆ ಮೂರು ರೀತಿಯಲ್ಲಿ ನಡೆಸಿ ನೋಡಿದ್ದೇನೆ. ಹೋಸ್ಟಿಂಗ್ ಕಂಪನಿಯ ಕಂಟ್ರೋಲ್ ಪ್ಯಾನೆಲ್ ಒಂದನ್ನು ಬಿಟ್ಟರೆ ಮೂರರಲ್ಲೂ ತಾಣವನ್ನು ನಡೆಸಿದ್ದು ಮುಕ್ತ ತಂತ್ರಾಂಶವೇ ಆದ್ದರಿಂದ ಪರವಾನಗಿ ಶುಲ್ಕದ ಮಾತು ಬರಲಿಲ್ಲ. ನಿಜವಾದ ವ್ಯತ್ಯಾಸ ಇರುವುದು ಭದ್ರತೆಯ ಕೆಲಸವನ್ನು ಯಾರು, ಎಷ್ಟು ದಿನಕ್ಕೊಮ್ಮೆ ಮಾಡಬೇಕಾಗುತ್ತದೆ ಎನ್ನುವುದರಲ್ಲಿ.

ವರ್ಡ್‌ಪ್ರೆಸ್ 2003ರ ಮೇ ತಿಂಗಳಲ್ಲಿ ಮೊದಲು ಬಿಡುಗಡೆಯಾದದ್ದು. ಬಿ2 ಎಂಬ ಹಳೆಯ ಬ್ಲಾಗ್ ತಂತ್ರಾಂಶದ ಆಕರವನ್ನು ಎತ್ತಿಕೊಂಡು ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಅದನ್ನು ಬೆಳೆಸಿದರು. ಇಂದು ಜಗತ್ತಿನ ಜಾಲತಾಣಗಳಲ್ಲಿ ಶೇ. 40ಕ್ಕಿಂತ ಹೆಚ್ಚಿನವು ಅದರ ಮೇಲೆಯೇ ನಡೆಯುತ್ತಿವೆ. ಸಂಪಾದಕರ ಕಡೆಯಿಂದ ನೋಡಿದರೆ ಅದಕ್ಕೆ ಸರಿಸಾಟಿ ನನಗೆ ಸಿಕ್ಕಿಲ್ಲ. ನಮ್ಮಲ್ಲಿನ ಹಿರಿಯ ಸಂಪಾದಕರು ಲಾಗಿನ್ ಆಗಿ, ಲೇಖನವನ್ನು ಅಂಟಿಸಿ, ಚಿತ್ರ ಸೇರಿಸಿ, ಕರಡಾಗಿ ಉಳಿಸಿ, ಇನ್ನೊಬ್ಬರ ಪರಿಶೀಲನೆಗೆ ಬಿಡುವುದನ್ನು ಯಾರ ಸಹಾಯವೂ ಇಲ್ಲದೆ ಕಲಿತರು. ಲೇಖಕ, ಸಂಪಾದಕ, ಆಡಳಿತಗಾರ ಎಂಬ ಪಾತ್ರಗಳು ಮೊದಲೇ ಸಿದ್ಧವಾಗಿ ಬರುತ್ತವೆ. ಭದ್ರತೆಯ ದೃಷ್ಟಿಯಿಂದಲೂ ಇದು ದೊಡ್ಡ ಅನುಕೂಲ, ಏಕೆಂದರೆ ಬರೆಯುವವರಿಗೆಲ್ಲ ಆಡಳಿತಗಾರರ ಅಧಿಕಾರ ಕೊಡುವ ಅಗತ್ಯವೇ ಬರುವುದಿಲ್ಲ.

ಕನ್ನಡ ತಾಣಕ್ಕೆ ವರ್ಡ್‌ಪ್ರೆಸ್ಸಿನಲ್ಲಿ ಒಂದು ತೊಡಕಿದೆ, ಅದನ್ನು ವಿವರವಾಗಿಯೇ ಹೇಳಬೇಕು. ಶೀರ್ಷಿಕೆಯನ್ನು ಕನ್ನಡದಲ್ಲಿ ಕೊಟ್ಟಾಗ ಪುಟದ ವಿಳಾಸದ ಕೊನೆಯ ಭಾಗ, ಅಂದರೆ ಸ್ಲಗ್, ಕನ್ನಡದಿಂದಲೇ ತಯಾರಾಗುತ್ತದೆ. ಯೂನಿಕೋಡ್ ಪಠ್ಯವನ್ನು ಕಂಪ್ಯೂಟರ್ ಉಳಿಸಿಡುವ ಯುಟಿಎಫ್-8 ಎಂಬ ರೂಪದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕು. ವಿಳಾಸದಲ್ಲಿ ಪ್ರತಿ ಬೈಟನ್ನೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕಿಗಳಾಗಿ ಬರೆಯುವುದರಿಂದ ಒಂದು ಸಂಕೇತ ಒಂಬತ್ತು ಅಕ್ಷರಗಳಷ್ಟು ಜಾಗ ಹಿಡಿಯುತ್ತದೆ. ವರ್ಡ್‌ಪ್ರೆಸ್ ಈ ರೂಪವನ್ನೇ ಡೇಟಾಬೇಸಿನಲ್ಲಿ 200 ಅಕ್ಷರಗಳ ಮಿತಿ ಇರುವ ಕಾಲಮ್ಮಿನಲ್ಲಿ ಇಡುತ್ತದೆ. ಒತ್ತಕ್ಷರ, ಗುಣಿತದ ಚಿಹ್ನೆಗಳೆಲ್ಲ ಬೇರೆಬೇರೆಯಾಗಿಯೇ ಲೆಕ್ಕಕ್ಕೆ ಬರುವುದರಿಂದ ‘ಸ್ತ್ರೀ’ ಎನ್ನುವ ಒಂದೇ ಅಕ್ಷರಕ್ಕೆ ಆರು ಸಂಕೇತಗಳು, ಅಂದರೆ 54 ಅಕ್ಷರಗಳ ಜಾಗ ಹೋಗುತ್ತದೆ. ಹಾಗಾಗಿ 22 ಸಂಕೇತಗಳಿಗಿಂತ ಉದ್ದದ ಶೀರ್ಷಿಕೆ ನಡುವೆಯೇ ತುಂಡಾಗುತ್ತದೆ, ಕೆಲವೊಮ್ಮೆ ವ್ಯಂಜನಕ್ಕೂ ಅದರ ಗುಣಿತ ಚಿಹ್ನೆಗೂ ನಡುವೆ. ಒಂದೇ ಮಾಲೆಯ ಲೇಖನಗಳ ಆರಂಭ ಒಂದೇ ಆಗಿದ್ದರೆ ವಿಳಾಸಗಳು ಒಂದಕ್ಕೊಂದು ತಾಗಿ, ಕೊನೆಯಲ್ಲಿ 2, 3 ಎಂಬ ಅಂಕಿ ಸೇರಿಕೊಳ್ಳುತ್ತದೆ. ಪ್ರಕಟಿಸುವ ಮುನ್ನ ಸ್ಲಗ್ಗನ್ನು ಕೈಯಾರೆ ರೋಮನ್ ಲಿಪಿಯಲ್ಲಿ ಚಿಕ್ಕದಾಗಿ ಬರೆಯುವುದೇ ಇದಕ್ಕೆ ಪರಿಹಾರ. ನಮ್ಮ ಸಂಪಾದಕರೆಲ್ಲರಿಗೂ ಈಗ ಅದು ರೂಢಿಯಾಗಿದೆ.

ಇನ್ನು ಶೇರ್ಡ್ ಹೋಸ್ಟಿಂಗ್. ಒಂದೇ ಸರ್ವರಿನಲ್ಲಿ ನೂರಾರು ಗ್ರಾಹಕರ ತಾಣಗಳಿರುತ್ತವೆ. ಆಪರೇಟಿಂಗ್ ಸಿಸ್ಟಮ್, ವೆಬ್ ಸರ್ವರ್, ಡೇಟಾಬೇಸ್ ಇವುಗಳ ಅಪ್‌ಡೇಟ್ ಕಂಪನಿಯ ಹೊಣೆ. ವಾರಕ್ಕೊಮ್ಮೆಯೂ ಸರ್ವರ್ ಕಡೆ ತಲೆಹಾಕಲಾಗದ ಸಂಘಕ್ಕೆ ಇದು ಕೊಡುವ ನೆಮ್ಮದಿ ಸಣ್ಣದಲ್ಲ. ಆದರೆ ಜಾಹೀರಾತಿನಲ್ಲಿ ‘ಅನಿಯಮಿತ’ ಎಂದಿರುವ ಜಾಗಕ್ಕೆ ಷರತ್ತುಗಳ ಪುಟದಲ್ಲಿ ಕಡತಗಳ ಸಂಖ್ಯೆಯ ಮಿತಿ ಇರುವುದನ್ನು, ಮೊದಲ ವರ್ಷದ ದರಕ್ಕೂ ನವೀಕರಣದ ದರಕ್ಕೂ ಇರುವ ಅಂತರವನ್ನು ಹಣ ಕಟ್ಟುವ ಮೊದಲೇ ಓದಿಕೊಳ್ಳಬೇಕು. ವರ್ಡ್‌ಪ್ರೆಸ್ ನಡೆಯಲು ಬೇಕಾದ ಪಿಎಚ್‌ಪಿ ಭಾಷೆಯ ಆವೃತ್ತಿಯ ವಿಷಯದಲ್ಲಿ ನಾನು ಹೆಚ್ಚು ಬೇಸರಪಟ್ಟೆ. ಪಿಎಚ್‌ಪಿ 7.4ಕ್ಕೆ ಭದ್ರತಾ ಬೆಂಬಲ 2022ರ ನವೆಂಬರಿನಲ್ಲೇ ಮುಗಿದಿತ್ತು. ನಾವಿದ್ದ ಕಂಪನಿ ಅದಾದ ಮೇಲೂ ಬಹುಕಾಲ ಹೊಸ ಖಾತೆಗಳಿಗೆ ಅದನ್ನೇ ಪೂರ್ವನಿಯೋಜಿತವಾಗಿ ಕೊಡುತ್ತಿತ್ತು. ಪ್ಯಾನೆಲ್‌ನಲ್ಲಿ ಬದಲಿಸಲು ಅವಕಾಶವಿತ್ತು ನಿಜ, ಆದರೆ ಬದಲಿಸಬೇಕು ಎಂದು ಗೊತ್ತಿರುವ ಗ್ರಾಹಕರು ಎಷ್ಟು ಜನ? ಅದೇ ಕಂಪನಿ ಬ್ಯಾಕಪ್ ತಾನೇ ಇಡುತ್ತದೆ ಎಂದು ಹೇಳಿಕೊಂಡು, ಅದನ್ನು ಮರಳಿ ಪಡೆಯಲು ಪ್ರತ್ಯೇಕ ಶುಲ್ಕ ಕೇಳಿತು. ತಾಣದ ಬ್ಯಾಕಪ್ ಹೋಸ್ಟಿಂಗ್ ಖಾತೆಯ ಹೊರಗೆ, ನಮ್ಮದೇ ಕೈಯಲ್ಲಿ ಇರಬೇಕೆಂದು ನಾನು ಹಟ ಹಿಡಿಯುವುದಕ್ಕೆ ಇದೇ ಕಾರಣ.

ವರ್ಡ್‌ಪ್ರೆಸ್ ಸುರಕ್ಷಿತವಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ; ಅದರ ಮೂಲ ತಂತ್ರಾಂಶವನ್ನು ಶ್ರದ್ಧೆಯಿಂದಲೇ ನೋಡಿಕೊಳ್ಳಲಾಗುತ್ತಿದೆ. 2013ರ 3.7ನೇ ಆವೃತ್ತಿಯಿಂದ ಸಣ್ಣ ಭದ್ರತಾ ಅಪ್‌ಡೇಟ್‌ಗಳು ತಾವಾಗಿಯೇ ಅಳವಡುತ್ತವೆ. ಅದರ ಮಹತ್ವ 2017ರ ಆರಂಭದಲ್ಲಿ ತಿಳಿಯಿತು. 4.7 ಮತ್ತು 4.7.1ರ ರೆಸ್ಟ್ ಎಪಿಐನಲ್ಲಿ (ಬೇರೆ ತಂತ್ರಾಂಶಗಳು ತಾಣದೊಂದಿಗೆ ವ್ಯವಹರಿಸುವ ದಾರಿ), ಲಾಗಿನ್ ಇಲ್ಲದೆಯೇ ಯಾರು ಬೇಕಾದರೂ ಲೇಖನ ತಿದ್ದಬಹುದಾದ ದೋಷವಿತ್ತು. ಜನವರಿ 26ರಂದು 4.7.2 ಬಿಡುಗಡೆ ಮಾಡಿ, ತಾಣಗಳು ಅಪ್‌ಡೇಟ್ ಆಗಲೆಂದು ಸುಮಾರು ಒಂದು ವಾರ ಕಾದು, ಆಮೇಲೆ ದೋಷದ ವಿವರ ಪ್ರಕಟಿಸಿದರು. ಸ್ವಯಂ ಅಪ್‌ಡೇಟ್ ನಿಲ್ಲಿಸಿಟ್ಟಿದ್ದ ತಾಣಗಳ ಪುಟಗಳು ದೊಡ್ಡ ಸಂಖ್ಯೆಯಲ್ಲಿ ವಿರೂಪಗೊಂಡವು. ಅಪಾಯ ಹೆಚ್ಚಾಗಿ ಬರುವುದು ಪ್ಲಗಿನ್ (ಹೆಚ್ಚುವರಿ ಸೌಲಭ್ಯ ಕೊಡುವ ತಂತ್ರಾಂಶ) ಮತ್ತು ಥೀಮ್‌ಗಳ (ತಾಣದ ವಿನ್ಯಾಸ) ಕಡೆಯಿಂದ. ಅವುಗಳಲ್ಲಿ ಕೆಲವನ್ನು ಒಬ್ಬರೇ ಬಿಡುವಿನ ವೇಳೆಯಲ್ಲಿ ನಡೆಸುತ್ತಿರುತ್ತಾರೆ, ಕೆಲವು ವರ್ಷಗಟ್ಟಲೆ ಮುಟ್ಟದೆ ಬಿದ್ದಿರುತ್ತವೆ, ದುಡ್ಡಿನ ಥೀಮ್ ‘ಉಚಿತ’ವಾಗಿ ಸಿಗುವ ಕಡೆಗಳಲ್ಲಿ ಒಳಗೇ ಹಿಂಬಾಗಿಲು ಸೇರಿಸಿರುತ್ತಾರೆ. ಬಳಸದ ಪ್ಲಗಿನ್ನನ್ನು ನಿಷ್ಕ್ರಿಯಗೊಳಿಸಿದರೆ ಸಾಲದು, ಅಳಿಸಿಯೇ ಬಿಡಬೇಕು. ಕಡತ ಸರ್ವರಿನಲ್ಲಿ ಇರುವವರೆಗೆ ಅದನ್ನು ನೇರವಾಗಿ ಕರೆಯಲು ಸಾಧ್ಯ. ಇದರ ಜೊತೆಗೆ ಆಡಳಿತ ಪುಟದೊಳಗಿಂದ ಥೀಮ್ ಕಡತ ತಿದ್ದುವ ಸೌಲಭ್ಯವನ್ನು ಕಾನ್ಫಿಗ್ ಕಡತದಲ್ಲಿ ಮುಚ್ಚಿದ್ದೇನೆ, ಹೊರಗಿನ ತಂತ್ರಾಂಶಗಳಿಗೆ ತಾಣದೊಳಗೆ ದಾರಿ ಕೊಡುವ, ನಮಗೆ ಬೇಡವಾದ ಎಕ್ಸ್‌ಎಂಎಲ್-ಆರ್‌ಪಿಸಿಯನ್ನು ತಡೆದಿದ್ದೇನೆ, ಆಡಳಿತಗಾರರಿಗೆ ಎರಡು ಹಂತದ ಲಾಗಿನ್ ಕಡ್ಡಾಯ ಮಾಡಿದ್ದೇನೆ.

ಎರಡನೆಯ ದಾರಿ, ಸ್ವಂತ ವಿಪಿಎಸ್. 1 ಜಿಬಿ ಮೆಮೊರಿಯ ಯಂತ್ರದಲ್ಲಿ ಡೆಬಿಯನ್ ಲಿನಕ್ಸ್, ಎಂಜಿನ್‌ಎಕ್ಸ್ ವೆಬ್ ಸರ್ವರ್, ಮಾರಿಯಾಡಿಬಿ ಡೇಟಾಬೇಸ್, ಪಿಎಚ್‌ಪಿ ಹಾಕಿ ಅದೇ ವರ್ಡ್‌ಪ್ರೆಸ್ ನಡೆಸಿದಾಗ ಪುಟಗಳು ಶೇರ್ಡ್ ಹೋಸ್ಟಿಂಗ್‌ಗಿಂತ ಸ್ಪಷ್ಟವಾಗಿಯೇ ಬೇಗ ತೆರೆದವು. ನೆರೆಯ ತಾಣಕ್ಕೆ ಸೋಂಕು ತಗುಲಿದರೆ ನಮಗೇನು ಎಂಬ ಚಿಂತೆ ಇಲ್ಲ, ಲಾಗ್‌ಗಳೆಲ್ಲ (ಸರ್ವರಿನಲ್ಲಿ ನಡೆದದ್ದರ ದಾಖಲೆ) ನಮ್ಮ ಕಣ್ಣೆದುರಿಗೇ ಇರುತ್ತವೆ. ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಸೇವಾದಾರರು, ದತ್ತಾಂಶ ಕೇಂದ್ರಗಳು, ಕಾರ್ಪೊರೇಟ್ ಸಂಸ್ಥೆಗಳು ಮುಂತಾದವರು ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಸೈಬರ್ ದಾಳಿಯನ್ನು ಆರು ಗಂಟೆಗಳೊಳಗೆ ತಿಳಿಸಬೇಕು ಎಂದು ಹೇಳಿದೆ. ನಾವು ಅಷ್ಟು ದೊಡ್ಡವರಲ್ಲದಿದ್ದರೂ ಲಾಗ್ ಉಳಿಸುವುದಕ್ಕೆ ಆ 180 ದಿನಗಳನ್ನೇ ಅಳತೆಯಾಗಿ ಇಟ್ಟುಕೊಂಡೆ, ವಿಪಿಎಸ್‌ನಲ್ಲಿ ಅದು ಸುಲಭವಾಗಿ ಆಯಿತು.

ಆದರೆ ಅಲ್ಲಿ ಎಲ್ಲವನ್ನೂ ನಾವೇ ನೋಡಿಕೊಳ್ಳಬೇಕು. ದೂರದಿಂದ ಸರ್ವರಿನೊಳಗೆ ಹೋಗುವ ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡ್ ಲಾಗಿನ್ ಮುಚ್ಚಿ ಕೀಲಿ ಕಡತ ಮಾತ್ರ ಬಿಡುವುದು, ರೂಟ್ (ಪೂರ್ಣಾಧಿಕಾರದ ಖಾತೆ) ಪ್ರವೇಶ ನಿಲ್ಲಿಸುವುದು, ಫೈರ್‌ವಾಲ್, ಮತ್ತೆ ಮತ್ತೆ ತಪ್ಪು ಲಾಗಿನ್ ಮಾಡುವವರನ್ನು ತಡೆಯುವ ಫೇಲ್2ಬ್ಯಾನ್, ಸ್ವಯಂ ಭದ್ರತಾ ಅಪ್‌ಡೇಟ್, ಇವು ಆರಂಭದ ಕೆಲಸಗಳು. ಆಮೇಲೆ ಕರ್ನಲ್ ಅಪ್‌ಡೇಟ್ ಆದಾಗ ಮರುಚಾಲನೆ ಕೊಡಬೇಕು, ಹೊರಗಿನ ರೆಪಾಸಿಟರಿಯಿಂದ ತಂದ ಪ್ಯಾಕೇಜುಗಳು ಸ್ವಯಂ ಅಪ್‌ಡೇಟಿನ ಪಟ್ಟಿಯಲ್ಲಿ ಸೇರಿವೆಯೇ ಎಂದು ನೋಡಬೇಕು. ಮೆಮೊರಿಯದೂ ಹಾಗೆಯೇ: ಒಂದೊಂದು ಪಿಎಚ್‌ಪಿ ಪ್ರಕ್ರಿಯೆ 60 ಎಂಬಿಯ ಆಸುಪಾಸು ಹಿಡಿಯುವಾಗ ಅವುಗಳ ಗರಿಷ್ಠ ಸಂಖ್ಯೆಯನ್ನು ಏರಿಸುತ್ತ ಹೋದರೆ, ದಟ್ಟಣೆಯ ಹೊತ್ತಿನಲ್ಲಿ ಮೆಮೊರಿ ಸಾಲದೆ ಲಿನಕ್ಸ್ ಕರ್ನಲ್ ಡೇಟಾಬೇಸನ್ನೇ ನಿಲ್ಲಿಸಿಬಿಡಬಹುದು. ಸ್ವಾಪ್ ಜಾಗ (ಮೆಮೊರಿಯಂತೆ ಬಳಸುವ ಡಿಸ್ಕ್ ಜಾಗ) ಕೊಟ್ಟು, ಆ ಸಂಖ್ಯೆಯನ್ನು ಕಡಿಮೆ ಇಟ್ಟ ಮೇಲೆ ನಮ್ಮದು ತಣ್ಣಗಾಯಿತು. ಸುರಕ್ಷಿತ ಸಂಪರ್ಕಕ್ಕೆ, ಅಂದರೆ ಎಚ್‌ಟಿಟಿಪಿಎಸ್‌ಗೆ ಬೇಕಾದ ಪ್ರಮಾಣಪತ್ರಕ್ಕೆ ಲೆಟ್ಸ್ ಎನ್‌ಕ್ರಿಪ್ಟ್ ಇದೆ. 2015ರ ಡಿಸೆಂಬರಿನಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ಈ ಲಾಭರಹಿತ ಸೇವೆ ಇಲ್ಲದಿದ್ದರೆ ನಮ್ಮಂಥ ಸಂಘಗಳು ಎಚ್‌ಟಿಟಿಪಿಎಸ್‌ಗೆ ಬರಲು ಇನ್ನೂ ಎಷ್ಟು ವರ್ಷ ಬೇಕಾಗುತ್ತಿತ್ತೋ. ನಾನು ಪಡೆದ ಪ್ರಮಾಣಪತ್ರಗಳ ಅವಧಿ 90 ದಿನ. ಸರ್ಟ್‌ಬಾಟ್ ಎಂಬ ಉಪಕರಣ ಅವನ್ನು ತಾನಾಗಿ ನವೀಕರಿಸುತ್ತದೆ. ಆದರೆ ಡೊಮೇನ್ ನಮ್ಮದೇ ಎಂಬ ಪರಿಶೀಲನೆ ಎಚ್‌ಟಿಟಿಪಿ ಮೂಲಕ ನಡೆಯುವುದಾದರೆ 80ನೇ ಪೋರ್ಟ್ ತೆರೆದಿರಬೇಕು. ಅವಧಿ ಮುಗಿಯುತ್ತಿದೆ ಎಂಬ ಮಿಂಚಂಚೆಯನ್ನೂ ಅವರು 2025ರ ಜೂನ್‌ನಲ್ಲಿ ನಿಲ್ಲಿಸಿರುವುದರಿಂದ ಎಚ್ಚರಿಕೆಯ ಏರ್ಪಾಡನ್ನು ನಾವೇ ಮಾಡಿಕೊಳ್ಳಬೇಕಾಗಿದೆ.

ಹೊಸ ಉಪಡೊಮೇನ್ ಒಂದಕ್ಕೆ ಪ್ರಮಾಣಪತ್ರ ಪಡೆದು ಲಾಗ್ ನೋಡುತ್ತ ಕುಳಿತರೆ ದಾಳಿಯ ಸ್ವರೂಪ ಅರ್ಥವಾಗುತ್ತದೆ. ಪ್ರಮಾಣಪತ್ರ ಕೊಟ್ಟ ಕೂಡಲೇ ಆ ಹೆಸರು ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ಎಂಬ ಸಾರ್ವಜನಿಕ ದಾಖಲೆಗೆ ಸೇರುವುದರಿಂದ, ಯಾರಿಗೂ ವಿಳಾಸ ಹೇಳದಿದ್ದರೂ ಸ್ವಲ್ಪ ಹೊತ್ತಿನಲ್ಲೇ ಬಾಟ್‌ಗಳು ಬರತೊಡಗುತ್ತವೆ: ವರ್ಡ್‌ಪ್ರೆಸ್ ಲಾಗಿನ್ ಪುಟ ಇದೆಯೇ, ಪಾಸ್‌ವರ್ಡ್‌ಗಳಿರುವ ಡಾಟ್ ಇಎನ್‌ವಿ ಕಡತ ಇದೆಯೇ, ಕಡತಗಳ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನ ಫೋಲ್ಡರ್ ತೆರೆದಿದೆಯೇ, ಡೇಟಾಬೇಸ್ ನಿರ್ವಹಿಸುವ ಪಿಎಚ್‌ಪಿಮೈಅಡ್ಮಿನ್ ಇದೆಯೇ. ಸಾಲುಸಾಲಾಗಿ ಇವೇ ಪ್ರಶ್ನೆಗಳು. ‘ನಮ್ಮ ಸಣ್ಣ ಪತ್ರಿಕೆಯನ್ನು ಯಾರು ಹ್ಯಾಕ್ ಮಾಡುತ್ತಾರೆ ಸರ್’ ಎಂದು ಕೇಳಿದ ಸದಸ್ಯರಿಗೆ ಈ ಲಾಗನ್ನೇ ತೋರಿಸಿದೆ. ತಾಣ ಯಾರದು ಎಂದು ಅಲ್ಲಿ ಯಾರೂ ಕೇಳುತ್ತಿಲ್ಲ, ಬೀಗ ಹಾಕಿದೆಯೇ ಎಂದಷ್ಟೇ ಪರೀಕ್ಷಿಸುತ್ತಿದ್ದಾರೆ.

ಇದೇ ಪ್ರಶ್ನೆಗಳು ಹ್ಯೂಗೊ ತಾಣದಲ್ಲಿ ಏನಾಗುತ್ತವೆ ಎಂದು ನೋಡಲು ಮೊದಲು ಅದರ ಪುಟಗಳನ್ನೂ ಅದೇ ವಿಪಿಎಸ್‌ನಲ್ಲಿಟ್ಟೆ. ಎಲ್ಲಕ್ಕೂ 404, ಅಂದರೆ ‘ಪುಟ ಇಲ್ಲ’ ಎಂಬ ಉತ್ತರ ಹೋಯಿತು, ಅಷ್ಟೇ. ಹ್ಯೂಗೊ ಗೋ ಭಾಷೆಯಲ್ಲಿ ಬರೆದ, 2013ರಿಂದ ಇರುವ ಮುಕ್ತ ತಂತ್ರಾಂಶ. ನಮ್ಮ ಕಂಪ್ಯೂಟರಿನಲ್ಲಿರುವ ಮಾರ್ಕ್‌ಡೌನ್ (ಸರಳ ಗುರುತುಗಳಿಂದ ವಿನ್ಯಾಸ ಸೂಚಿಸುವ ಬರಹ) ಪಠ್ಯಗಳನ್ನು ಅದು ಎಚ್‌ಟಿಎಂಎಲ್ ಪುಟಗಳಾಗಿ ಕಟ್ಟಿಕೊಡುತ್ತದೆ, ಸರ್ವರ್ ಆ ಪುಟಗಳನ್ನು ಇದ್ದಂತೆಯೇ ಕಳಿಸುತ್ತದೆ. ಅಲ್ಲಿ ಪಿಎಚ್‌ಪಿ, ಡೇಟಾಬೇಸ್, ಲಾಗಿನ್ ಪುಟ ಯಾವುದೂ ಇಲ್ಲ. 2014ರ ಅಕ್ಟೋಬರ್ 15ರಂದು ವರ್ಡ್‌ಪ್ರೆಸ್ಸಿನಂಥದೇ ಇನ್ನೊಂದು ತಂತ್ರಾಂಶವಾದ ದ್ರುಪಲ್‌ನ 7ನೇ ಆವೃತ್ತಿಯಲ್ಲಿ ಡೇಟಾಬೇಸ್ ಪ್ರಶ್ನೆಗಳ ಮೂಲಕ ಒಳನುಗ್ಗಬಹುದಾದ ದೋಷ ಪ್ರಕಟವಾದಾಗ, ಏಳು ಗಂಟೆಗಳೊಳಗೆ ಸರಿಪಡಿಸಿಕೊಳ್ಳದ ಪ್ರತಿಯೊಂದು ತಾಣವೂ ದಾಳಿಗೆ ಸಿಕ್ಕಿದೆ ಎಂದೇ ಭಾವಿಸಿ ಎಂದು ಅದರ ಭದ್ರತಾ ತಂಡವೇ ಹೇಳಬೇಕಾಯಿತು. ಅದು ಎಚ್ಚರದಿಂದ ಕೆಲಸ ಮಾಡುವ, ಹೆಸರಾಂತ ತಂಡ. ಏಳು ಗಂಟೆಗಳಲ್ಲಿ ಎದ್ದು ಅಪ್‌ಡೇಟ್ ಮಾಡುವ ಜನ ನಮ್ಮ ಸಂಘದಲ್ಲಿ ಇಲ್ಲ, ಹೆಚ್ಚಿನ ಸಂಘಗಳಲ್ಲಿಯೂ ಇರುವುದಿಲ್ಲ. ಸ್ಥಿರ ಪುಟಗಳನ್ನು ನಾನು ಗಟ್ಟಿಯಾಗಿ ಶಿಫಾರಸು ಮಾಡುವುದು ಈ ಒಂದೇ ಕಾರಣಕ್ಕೆ.

ಹಳೆಯ ಸಂಚಿಕೆಗಳಿಗೆ ಹ್ಯೂಗೊ ಇನ್ನೊಂದು ರೀತಿಯಲ್ಲೂ ಒದಗಿಬಂತು. ನುಡಿಯ ಹಳೆಯ ಫಾಂಟ್‌ಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಹಳೆಯ ಫಾಂಟ್‌ನ ಪಠ್ಯವನ್ನು ಯೂನಿಕೋಡ್‌ಗೆ ತರುವ ಪರಿವರ್ತಕಗಳು ಒತ್ತಕ್ಷರವೂ ಅರ್ಕಾವತ್ತೂ ಕೂಡಿದ ಕಡೆ ಎಡವುತ್ತವೆ, ‘ಕರ್ತವ್ಯ’, ‘ಪ್ರಾರ್ಥನೆ’ಯಂಥ ಪದಗಳಲ್ಲಿ ರಕಾರ ಜಾಗ ತಪ್ಪಿ ಕುಳಿತಿರುತ್ತದೆ. ಪಠ್ಯವೆಲ್ಲ ಸರಳ ಕಡತಗಳಲ್ಲಿದ್ದುದರಿಂದ ಇಂಥ ತಪ್ಪನ್ನು ಎಲ್ಲ ಸಂಚಿಕೆಗಳಲ್ಲಿ ಒಟ್ಟಿಗೇ ಹುಡುಕಿ ಬದಲಿಸಲು, ಬದಲಾದ ಪ್ರತಿ ಸಾಲನ್ನೂ ಗಿಟ್‌ನಲ್ಲಿ ಹಳೆಯದು ಹೊಸದು ಎಂದು ಪಕ್ಕಪಕ್ಕ ಇಟ್ಟು ನೋಡಲು, ತಪ್ಪಾಗಿ ಬದಲಾದದ್ದನ್ನು ಹಿಂದಕ್ಕೆ ತರಲು ಸಾಧ್ಯವಾಯಿತು. ವರ್ಡ್‌ಪ್ರೆಸ್ ಡೇಟಾಬೇಸಿನಲ್ಲಿಯೂ ಸಾಮೂಹಿಕ ಬದಲಾವಣೆ ಆಗುತ್ತದೆ, ಆದರೆ ಯಾವ ಲೇಖನದ ಯಾವ ಸಾಲು ಏನಾಯಿತು ಎಂದು ಅಷ್ಟು ಸಲೀಸಾಗಿ ಕಾಣುವುದಿಲ್ಲ. ಸ್ಲಗ್ ತೊಡಕೂ ಇಲ್ಲಿಲ್ಲ. ವಿಳಾಸ ಕಡತದ ಹೆಸರಿನಿಂದಲೇ ಬರುತ್ತದೆ.

ಕೊರತೆಗಳೂ ಇವೆ. ಸಂಪಾದಕರಿಗೆ ಮಾರ್ಕ್‌ಡೌನ್ ಮತ್ತು ಗಿಟ್ ಒಗ್ಗಲಿಲ್ಲ. ಒಂದು ಒತ್ತಕ್ಷರ ತಿದ್ದಲು ನನಗೆ ಫೋನ್ ಮಾಡಬೇಕಾದ ವ್ಯವಸ್ಥೆ ಪತ್ರಿಕೆಗೆ ಒಳ್ಳೆಯದಲ್ಲ. ಹ್ಯೂಗೊ ಇನ್ನೂ 1.0 ತಲುಪಿಲ್ಲ, ಆವೃತ್ತಿ ಬದಲಾದಾಗ ಹಳೆಯ ಥೀಮ್‌ಗಳು ಕೈಕೊಡುತ್ತವೆ; ಆದ್ದರಿಂದ ಕೆಲಸ ಮಾಡುವ ಆವೃತ್ತಿಯನ್ನು ಹಾಗೆಯೇ ಹಿಡಿದಿಟ್ಟುಕೊಂಡಿದ್ದೇನೆ. ಹುಡುಕಾಟಕ್ಕೆ ಪೇಜ್‌ಫೈಂಡ್ ಎಂಬ ಮುಕ್ತ ಉಪಕರಣ ಸೇರಿಸಿದ್ದೇನೆ. ಅದೂ ವರ್ಡ್‌ಪ್ರೆಸ್ಸೂ ಕನ್ನಡದ ವಿಭಕ್ತಿಗಳನ್ನು ಬಿಡಿಸಲಾರವು: ‘ಊರು’ ಎಂದು ಹುಡುಕಿದರೆ ‘ಊರಿನಲ್ಲಿ’ ಸಿಗುವುದಿಲ್ಲ. ಈಗ ಪುಟಗಳಿರುವ, ಸ್ಥಿರ ತಾಣಗಳಿಗೆ ಜಾಗ ಕೊಡುವ ಗಿಟ್‌ಹಬ್ ಪೇಜಸ್ ಸೇವೆಯಲ್ಲಿ ತಾಣದ ಗಾತ್ರಕ್ಕೆ 1 ಜಿಬಿ ಮಿತಿ ಇದೆ, ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳನ್ನು ಅಲ್ಲಿ ತುಂಬಲಾಗದು. ಬ್ರೌಸರಿಗೆ ಭದ್ರತೆಯ ಸೂಚನೆ ಕೊಡುವ ಹೆಡರ್‌ಗಳನ್ನು ನಮಗೆ ಬೇಕಾದಂತೆ ಹೊಂದಿಸಲು, ಸಂದರ್ಶಕರ ಲಾಗ್ ನೋಡಲು ಅವಕಾಶವಿಲ್ಲ. ಭದ್ರತೆಯ ಹೊಣೆಯೂ ಪೂರ್ತಿ ಇಳಿಯುವುದಿಲ್ಲ. ಗಿಟ್‌ಹಬ್ ಖಾತೆಗೂ ಡೊಮೇನ್ ಖಾತೆಗೂ ಎರಡು ಹಂತದ ಲಾಗಿನ್ ಬೇಕು, ತಾಣ ತೆಗೆದ ಮೇಲೆ ಡಿಎನ್‌ಎಸ್‌ನಲ್ಲಿ (ಡೊಮೇನ್ ಹೆಸರು ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ವ್ಯವಸ್ಥೆ) ಉಪಡೊಮೇನಿನ ದಾಖಲೆ ಹಾಗೆಯೇ ಉಳಿದರೆ ಬೇರೆಯವರು ಆ ಹೆಸರಿನಲ್ಲಿ ತಮ್ಮ ಪುಟ ತೆರೆಯಬಲ್ಲರು.

ಹೀಗಾಗಿ ನಮ್ಮಲ್ಲಿ ಹೊಸ ಸಂಚಿಕೆ ವರ್ಡ್‌ಪ್ರೆಸ್ಸಿನಲ್ಲಿ, ಬೇರೆ ಕಂಪನಿಯ ಶೇರ್ಡ್ ಹೋಸ್ಟಿಂಗ್‌ನಲ್ಲಿ, ಬೆರಳೆಣಿಕೆಯ ಪ್ಲಗಿನ್‌ಗಳೊಂದಿಗೆ ನಡೆಯುತ್ತಿದೆ. ವರ್ಷ ತುಂಬಿದ ಸಂಚಿಕೆಗಳು ಮಾರ್ಕ್‌ಡೌನ್‌ಗೆ ಬದಲಾಗಿ ಹ್ಯೂಗೊ ಸಂಗ್ರಹಕ್ಕೆ ಹೋಗುತ್ತವೆ. ವಿಪಿಎಸ್ಸನ್ನು ಬಿಟ್ಟುಬಿಟ್ಟೆವು. ಅದು ಕೆಟ್ಟ ಆಯ್ಕೆ ಎಂದಲ್ಲ. ನಾನು ಒಂದು ತಿಂಗಳು ಊರಲ್ಲಿ ಇಲ್ಲದಿದ್ದರೆ ಅದನ್ನು ನೋಡಿಕೊಳ್ಳಲು ಸಂಘದಲ್ಲಿ ಎರಡನೆಯವರಿಲ್ಲ. ಅಂಥ ಇಬ್ಬರು ಇರುವ ಸಂಸ್ಥೆಗೆ ವಿಪಿಎಸ್ಸನ್ನೇ ಮೊದಲು ಹೇಳುತ್ತೇನೆ. ವರ್ಡ್‌ಪ್ರೆಸ್ಸಿನ ಡೇಟಾಬೇಸ್ ಮತ್ತು ಚಿತ್ರಗಳ ಪ್ರತಿಯನ್ನು ರೆಸ್ಟಿಕ್ ಎಂಬ ಬ್ಯಾಕಪ್ ಉಪಕರಣ ಬಳಸಿ ಬೇರೆ ಕಡೆ ಇಡುತ್ತೇವೆ, ಅದನ್ನು ಆಗಾಗ ಖಾಲಿ ಕಂಪ್ಯೂಟರಿನಲ್ಲಿ ಬಿಚ್ಚಿ ಪತ್ರಿಕೆ ಪೂರ್ತಿ ತೆರೆದುಕೊಳ್ಳುತ್ತದೆಯೇ ಎಂದು ಪರೀಕ್ಷಿಸುತ್ತೇವೆ.